ಓನರಮ್ಮನ ಹಣೆ

ಗಡಿಯೂರು ಮತ್ತಿಗಿರಿಯಲ್ಲಿ ನಾವು ಬಾಡಿಗೆಗಿರುವ ಬೀದಿಯ ತಿರುವಿನಲ್ಲಿ ಉದ್ದನೆಯ ಕಾಂಪೌಂಡ್ ಗೋಡೆಯೊಂದಿದೆ. ಅದರ ಬುಡಕ್ಕೆ ಕಸ ಎಸೆಯುವುದರಲ್ಲಿ ಮಾತ್ರ ನಮ್ಮ ಬೀದಿಗೆ ಕನ್ನಡ, ತಮಿಳು, ತೆಲುಗು ಎಂಬ ಭೇದವಿರಲಿಲ್ಲ. ಶಿಫ್ಟಿಗೆ ಹೊರಟವರು ಗಾಡಿ ನಿಲ್ಲಿಸದೆ ಕಸದ ಕವರ್ ಬೀಸಿ ಹೋಗುತ್ತಿದ್ದರು. ಅವರನ್ನು ಅಟ್ಟಿಸಿಕೊಂಡು ಹೋಗಿ ಮೂರೂ ಭಾಷೆಯಲ್ಲಿ ಬೈಯುತ್ತಿದ್ದವರು ನಮ್ಮ ಮನೆ ಓನರಮ್ಮ ಒಬ್ಬರೇ. ಆ ಬಾಯಿಗೆ ನಾನೂ ಹೆದರುತ್ತಿದ್ದೆ.

ಕಳೆದ ವರ್ಷ, ಊರೂರಿನ ಗೋಡೆಗಳಿಗೆ ಚಿತ್ರ ಬರೆಯುವ ಇಬ್ಬರು ಹುಡುಗಿಯರು ಬಂದರು. ಬೀದಿಯವರನ್ನೆಲ್ಲ ಕೂರಿಸಿಕೊಂಡು, ನಿಮ್ಮ ಕಷ್ಟ ಏನು ಹೇಳಿ, ನಿಮ್ಮ ಕೈಯಲ್ಲೇ ಅದನ್ನು ಬರೆಸುತ್ತೇವೆ ಎಂದರು. ಕಸ ಎಂದೆವು. ದೇವರನ್ನು ಬರೆದುಬಿಡಿ, ಯಾರೂ ಹಾಕುವುದಿಲ್ಲ ಎಂದು ನಮ್ಮ ಯಜಮಾನರು ಬುದ್ಧಿ ಹೇಳಿದರು. ಯಾವ ದೇವರು ಎಂದದ್ದೇ ತಡ, ಜಗಳ ಶುರುವಾಯಿತು. ಕೊನೆಗೆ ಹುಡುಗಿಯರು ಓನರಮ್ಮನನ್ನು ಒಪ್ಪಿಸಿ ಅವರನ್ನೇ ಬರೆದರು. ಆಳೆತ್ತರ ಮೀರಿದ ಹೆಂಗಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಎತ್ತಿ ಹಿಡಿದ ಪೊರಕೆ, ಕೆಂಪು ಕಣ್ಣು. ಹಣೆ ಮಾತ್ರ ಬೋಳು, ಅವರದು ಇದ್ದ ಹಾಗೆಯೇ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಸೀರೆಗೆ ಹಸಿರು ತುಂಬಿದವರು ನಾವು. ಓನರಮ್ಮ ನೋಡಿ, ಮೂಗು ಸ್ವಲ್ಪ ದಪ್ಪವಾಯಿತು ಎಂದಷ್ಟೇ ಹೇಳಿದರು.

ಕಸ ನಿಂತೇಹೋಯಿತು. ಆದರೆ ತಮಿಳರು ಶಕ್ತಿದೇವತೆಗೆ ಪೂಜೆ ಮಾಡುವ ಆಡಿ ತಿಂಗಳ ಒಂದು ಶುಕ್ರವಾರ ನೋಡಿದರೆ ಗೋಡೆಯ ಹಣೆಯಲ್ಲಿ ಕಾಸಿನಗಲದ ಕುಂಕುಮ! ಬುಡದಲ್ಲಿ ಬೇವಿನ ಸೊಪ್ಪು, ನಿಂಬೆಹಣ್ಣು. ಬೀದಿಯ ಕೊನೆಗೆ ಹೊಸದಾಗಿ ಬಂದ ಸೇಲಂ ಕಡೆಯ ಸಂಸಾರದವರು ಸ್ಟೂಲ್ ಹತ್ತಿ ಇಟ್ಟಿದ್ದರಂತೆ. ಪೊರಕೆ ಅವರಿಗೆ ಶೂಲದ ಹಾಗೆ ಕಂಡಿರಬೇಕು. ಮುಂದಿನ ಶುಕ್ರವಾರ, ಚಿತ್ರ ಯಾರದೆಂದು ಗೊತ್ತಿದ್ದ ಹೆಂಗಸರೂ ಕೈ ಮುಗಿಯತೊಡಗಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವರಮಹಾಲಕ್ಷ್ಮಿ ಹಬ್ಬದಲ್ಲಿ ಕುಂಕುಮಕ್ಕೆ ಕರೆಯುವಾಗ ಓನರಮ್ಮನ ಬಾಗಿಲು ಬಿಟ್ಟು ಮುಂದಿನ ಮನೆಗೆ ಹೋಗುವವರು ಇವರೇ ತಾನೆ? ಇದು ಮರ್ಯಾದೆಯೋ, ಅವಮಾನವೋ? ಎಷ್ಟು ಯೋಚಿಸಿದರೂ ತಲೆಬುಡ ಅರ್ಥವಾಗಲಿಲ್ಲ.

ಕೃಷ್ಣಗಿರಿಯಲ್ಲಿರುವ ಅವರ ಮಗನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಸುದ್ದಿ ತಿಳಿದು ಓಡಿ ಬಂದವನು, ನಮ್ಮವ್ವನ್ನ ಬೀದಿಯವರೆಲ್ಲ ಆಡ್ಕೊಂತವ್ರೆ, ಗೋಡೆಗೆ ಸುಣ್ಣ ಹೊಡೆಸ್ತೀನಿ ಎಂದು ಕೂಗಾಡಿದ. ಸುಣ್ಣ ಹೊಡೆದರೆ ಮತ್ತೆ ಕಸದ ರಾಶಿ ಬೀಳುವುದು ಎಲ್ಲರಿಗೂ ಗೊತ್ತು. ಚಿತ್ರ ಇರಲಿ, ಕುಂಕುಮವನ್ನಷ್ಟೇ ಒರೆಸೋಣ ಎಂದು ಬೀದಿಯವರು ಅವನನ್ನು ಸಮಾಧಾನ ಮಾಡಿದರು. ಒರೆಸುವ ಕೆಲಸ ಓನರಮ್ಮನ ಬಾಡಿಗೆದಾರಳಾದ ನನ್ನ ತಲೆಗೆ ಬಿತ್ತು. ಓನರಮ್ಮನನ್ನು ಯಾರೂ ಕೇಳಲಿಲ್ಲ. ಕೇಳುವುದಾದರೂ ಹೇಗೆ?

ಮಾರನೆಯ ಬೆಳಿಗ್ಗೆ ಸ್ಟೂಲ್ ಹತ್ತಿ ಒದ್ದೆ ಬಟ್ಟೆ ಎತ್ತಿದೆ. ಕೈ ಓಡಲಿಲ್ಲ. ಒಂದು ಹಣೆಯ ಕುಂಕುಮ ಒರೆಸುವುದು ಎಂದರೆ ಏನು ಎಂದು ಯಾವ ಹೆಂಗಸಿಗೆ ಗೊತ್ತಿಲ್ಲ! ಗೋಡೆ ತಾನೆ, ಬರೀ ಬಣ್ಣ ತಾನೆ ಎಂದು ಹೇಳಿಕೊಂಡೆ. ಆದರೂ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದೆ. ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ಓನರಮ್ಮ, ಪೊರಕೆ ಹಿಡಿದು ನಿಂತಿದ್ದಾರೆ. ಮಗ ಹೇಳಿದ್ದಕ್ಕೆ ಬಂದೆ ಎಂದು ಏನೇನೋ ತೊದಲಿದೆ. ಅವರು ಗೋಡೆಯನ್ನೇ ನೋಡುತ್ತಿದ್ದರು. ಕೈ ತಮ್ಮ ಹಣೆಯವರೆಗೂ ಹೋಗಿ, ಕೂದಲು ಸರಿ ಮಾಡಿಕೊಂಡು ಕೆಳಗಿಳಿಯಿತು.

"ಇಳೀ ಕೆಳಕ್ಕೆ," ಎಂದರು. ಬೈಗುಳಕ್ಕೆ ಸಿದ್ಧಳಾಗಿ ಇಳಿದೆ. ಅವರ ದನಿ ಏರಲೇ ಇಲ್ಲ.

"ಒರುಸ್ಬ್ಯಾಡ ಬುಡವ್ವ. ನಂದು ಒಂದ್ ಕಿತ ಒರ್ಸಿದ್ರಲ್ಲ, ಸಾಕು."