ಗುಂಡಿಗೆ ಹೆಪ್ಪು

ಆಗ ನನಗೆ ಹದಿನಾರು. ಆ ಮಾತಿಗೆ ಎಪ್ಪತ್ತು ವರ್ಷದ ಮೇಲಾಯ್ತು. ನಿಡಘಟ್ಟದ ಮಗ್ಗುಲ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಎರಡನೇ ಮಹಾಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ. ಅವನ್ನು ರಿಪೇರಿ ಮಾಡುತ್ತಿದ್ದ ಮದ್ದೂರಿನ ಸಾಬರು ನಮ್ಮ ಮಾವನಿಗೆ ಸ್ನೇಹ. ಇದ್ದಿಲಿನಿಂದ ಬಸ್ಸು ಓಡುವುದಾದರೆ ಸಗಣಿಯಿಂದ ದೀಪ ಯಾಕೆ ಉರಿಯಬಾರದು ಅನ್ನೋದು ಅವರ ತಲೆಗೆ ಹೊಕ್ಕಿತ್ತು. ಅವರಿಗೋ ದನವಿಲ್ಲ. ಕೇಳಿದವರೆಲ್ಲ ನಕ್ಕು ಕಳಿಸಿದ್ದರು. ಸಗಣಿ ಕೊಡಲು ಒಪ್ಪಿದವರು ಮಾವ ಒಬ್ಬರೇ.

"ಮುಂಗಾರಿಗೆ ಗೊಬ್ಬರದ ಗಾಡಿ ಕಟ್ಟೋಗಂಟ ಮಡಿಕೊ. ಅಷ್ಟ್ರಲ್ಲಿ ಉರೀದಿದ್ರೆ ನಿನ್ ಡ್ರಮ್ಮು ಎತ್ಕೊಂಡು ಓಯ್ತಾ ಇರು," ಅಂದರು ಮಾವ.

ಸಾಬರು ಹಿತ್ತಲಲ್ಲಿ ಗುಂಡಿ ತೋಡಿ, ಸಗಣಿ ಬಗ್ಗಡ ತುಂಬಿ, ತಗಡಿನ ಡ್ರಮ್ಮು ಬೋರಲು ಹಾಕಿ, ಅದರ ನೆತ್ತಿಗೊಂದು ನಲ್ಲಿ ಸಿಕ್ಕಿಸಿದರು. ಕೆಲವು ದಿನಕ್ಕೆ ಡ್ರಮ್ಮು ಮೇಲೆದ್ದಿತು. ಊರು ಸೇರಿತು. ಸಾಬರು ನಲ್ಲಿ ತಿರುಗಿಸಿ ಕಡ್ಡಿ ಗೀರಿ ಹಿಡಿದರು. ಬುಸ್ ಅಂತ ಗಾಳಿ ಬಂತು, ಕಡ್ಡಿ ಆರಿತು. ಇನ್ನೊಂದು ಗೀರಿದರು. ಅದೂ ಆರಿತು.

"ದೀಪ ಅಚ್ಚೋ ಗಾಳಿ ಅಂದ್ರಿ. ಇದು ಆರ್ಸೋ ಗಾಳಿ ಕಣ್ ಸಾಬ್ರೆ," ಅಂದಳು ಅತ್ತೆ. "ಆರ್ಸಕ್ಕೆ ನಮ್ಮನೇಲಿ ನೀರೈತೆ."

"ಗಾಳಿ ಬಂದೈತೆ ಕಣವ್ವ, ಇನ್ನೂ ತಿರುಗಿಲ್ಲ. ಆಲು ಮೊಸರಾಗ್ಬೇಕಲ್ಲ, ಅಂಗೆ. ಇದಕ್ಕೂ ಒಂದು ಎಪ್ಪು ಬೇಕು," ಅಂದವರೇ ಸಾಬರು ಎಲ್ಲೋ ಕೆಟ್ಟು ನಿಂತ ಬಸ್ಸು ನೋಡಲು ಹೋದರು.

ನಮ್ಮತ್ತೆಯ ಹೆಪ್ಪು ಅಂದರೆ ಊರಿಗೇ ಹೆಸರು. ಹಗಲು ಯಾರು ಬಟ್ಟಲು ಹಿಡಿದು ಬಂದರೂ ಕೊಡುತ್ತಿದ್ದಳು. ದೀಪ ಹಚ್ಚಿದ ಮೇಲೆ ಬ್ರಹ್ಮ ಬಂದರೂ ಇಲ್ಲ, ಮನೆಯ ಹಾಲು ಕೆಡುತ್ತದಂತೆ. ಅಂಥವಳು ದಿನಾ ಬೆಳಿಗ್ಗೆ ಒಂದೊಂದು ಗಡಿಗೆ ಮೊಸರು ಗುಂಡಿಗೆ ಸುರಿದಳು. ನಾವು ಬರೀ ಸಾರಲ್ಲಿ ಮುದ್ದೆ ನುಂಗಿದೆವು.

ಸಾಬರು ಬರುವ ಹೊತ್ತಿಗೆ ಡ್ರಮ್ಮು ಕುಸಿದು ಕೂತಿತ್ತು. ಹಿತ್ತಲೆಲ್ಲ ಹುಳಿ ನಾತ.

"ಯಾರವ್ವ ಇದಕ್ಕೆ ಏನಾಕಿದ್ದು?"

"ಎಪ್ಪು. ನೀವೇ ಕೇಳಿದ್ರಲ್ಲ."

ಸಾಬರು ತಲೆ ಮೇಲೆ ಕೈಹೊತ್ತು ಕೂತರು. "ನಾನು ಮಾತಿಗಂದೆ ಕಣವ್ವ."

"ಮಾತಿಗನ್ನೋರು ಮಾತಿಗೆ ಅಂತ ಏಳ್ಬೇಕು. ನನ್ ಎಮ್ಮೆ ಮಾತಿಗೆ ಆಲು ಕೊಡಕಿಲ್ಲ."

ಅತ್ತ ಮಾವ ಗಾಡಿ ಅಚ್ಚಿಗೆ ಎಣ್ಣೆ ಸವರುತ್ತಿದ್ದರು. ಸಾಬರು ಅದನ್ನು ನೋಡಿ ಎದ್ದರು. ಹುಳಿ ಮುರಿಯಲು ಬೂದಿ ನೀರು ಹುಯ್ದರು. ಅವರು ಹೆಪ್ಪು ಅಂದದ್ದು ಕೆರೆಯಂಚಿನ ಕರಿ ಕೆಸರಿಗಂತೆ, ಕಾಲಿಟ್ಟರೆ ಗುಳ್ಳೆ ಏಳುತ್ತದಲ್ಲ, ಅದು. ಅತ್ತೆಯೇ ಮಂಕರಿ ಹೊತ್ತು ಕೆಸರು ತರಲು ಹೊರಟಳು, ಹಿಂದೆ ನಾನು. "ಇದ ಮೊದ್ಲೇ ಬೊಗಳಿದ್ರೆ ಮೊಸ್ರಾರ ಉಳೀತಿತ್ತು," ಅಂತ ದಾರಿಯುದ್ದಕ್ಕೂ ಬೈದಳು.

ಈಗ ನನ್ನ ಮೊಮ್ಮಗಳು ಲ್ಯಾಬಿನಲ್ಲಿ ಇದನ್ನೇ ಓದುತ್ತಾಳೆ. ಕಡ್ಡಿ ಆರಿಸಿದ್ದು ಕಾರ್ಬನ್ ಡೈಆಕ್ಸೈಡು, ಉರಿಯುವುದು ಮೀಥೇನು. ಆರಿಸುವುದನ್ನು ಉರಿಯುವುದಾಗಿ ತಿರುಗಿಸಲು ಅವಳು ನಿಕ್ಕಲ್ ಪುಡಿ ಇಡುತ್ತಾಳಂತೆ. ಅದರ ಹೆಸರು ಕ್ಯಾಟಲಿಸ್ಟು. ಚೂರು ಗಂಧಕ ಸೋಕಿದರೂ ಕೆಟ್ಟುಹೋಗುತ್ತದಂತೆ. ಹೆಪ್ಪು ಅನ್ನೆ, ಅಂದೆ. ನಗುತ್ತಾಳೆ. ಅವಳ ಪುಡಿಗೆ ಮೊಸರು ಹಾಕೋ ಅತ್ತೆ ಸಿಕ್ಕಿಲ್ಲ, ಅದಕ್ಕೆ ನಗು.

ಆ ವರ್ಷ ಮಳೆ ತಡವಾಯ್ತು, ಸಾಬರ ಪುಣ್ಯ. ಡ್ರಮ್ಮು ಮತ್ತೆ ಎದ್ದಿತು. ಮೊದಲ ಮಳೆ ಬಿದ್ದು, ನಾಳೆ ಗಾಡಿ ಕಟ್ಟಬೇಕು ಅನ್ನುವ ದಿನ, ಮುಸ್ಸಂಜೆಯಲ್ಲಿ ಸಾಬರು ಕಡ್ಡಿ ಹಿಡಿದರು. ನೀಲಿ ಉರಿ ಎದ್ದು ನಿಂತಿತು. ಮಾವ ಬಗ್ಗಿ ಅದರಲ್ಲೇ ಬೀಡಿ ಹಚ್ಚಿಕೊಂಡರು.

"ತಿಪ್ಪೆ ಗೊಬ್ಬರ ಸಾಕು ಒಲಕ್ಕೆ. ಗುಂಡಿ ಇರ್ಲಿ ಬುಡು," ಅಂದರು.

ಸಾಬರಿಗೆ ಆಸೆ ಹೆಚ್ಚಿತು. ಮದ್ದೂರಲ್ಲಿ ನಮ್ಮ ಹಿತ್ತಲಲ್ಲೂ ಒಂದು ಗುಂಡಿ ತೋಡುತ್ತೇನೆ, ಇದರ ಬಗ್ಗಡ ಒಂದು ಕೊಡ ಕೊಡಿ ಹೆಪ್ಪಿಗೆ, ಅಂದರು. "ಸಗಣಿ?" ಅಂತ ಮಾವ ಕೇಳಿದರೆ, "ಈಗ ಯಾರ್ ಬೇಕಾದ್ರೂ ಕೊಡ್ತಾರೆ," ಅಂದರು.

ಅತ್ತೆ ನೀಲಿ ಉರಿಯನ್ನು ನೋಡಿದಳು, ಸಾಬರನ್ನು ನೋಡಿದಳು.

"ದೀಪ ಅಚ್ಚಿದ್ ಮೇಲೆ ಎಪ್ಪು ಕೊಡಕಿಲ್ಲ ಕಣಪ್ಪ."

ಸಾಬರು ನಮ್ಮ ಜಗಲಿಯಲ್ಲೇ ಮಲಗಿದರು. ಬೆಳಿಗ್ಗೆ ನಾನು ಎದ್ದು ಬಾಗಿಲಿಗೆ ನೀರು ಹಾಕಿ, ಒಂದು ಕೊಡ ಬಗ್ಗಡ ಮೊಗೆದು ಅವರ ಕೈಗೆ ಕೊಟ್ಟೆ.