ನೀರು ಚಿಮುಕಿಸಿದ ಹಾಳೆ

ನನ್ನ ಹೆಂಡತಿಗೆ ಪಾರ್ಶ್ವವಾಯು ಬಡಿದದ್ದು ಬೆಳಗಿನ ಕಾಫಿಯ ಹೊತ್ತಿಗೆ. ನಾನು ಎದುರಿಗೇ ಕೂತಿದ್ದೆ. ಲೋಟ ಅವಳ ಬಲಗೈಯಿಂದ ಜಾರಿತು. ಅವಳು ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಮುಂದೆ ಮಾತು ಮರಳಿತು, ನಡಿಗೆ ಮರಳಿತು. ಕೈ ಮಾತ್ರ ಸೆರಗಿನೊಳಗೆ ಸೇರಿಕೊಂಡಿತು. ಬೆರಳುಗಳಲ್ಲಿ ಇನ್ನೂ ಜೀವವಿದೆ, ಈಗ ಬಳಸದಿದ್ದರೆ ಬಿಗಿದು ಹಾಗೇ ನಿಂತುಬಿಡುತ್ತವೆ ಎಂದು ಡಾಕ್ಟರು ಹೇಳಿದ್ದರು. ಅವರು ಕೊಟ್ಟ ರಬ್ಬರ್ ಚೆಂಡನ್ನು ಅವಳು ಮುಟ್ಟಲೇ ಇಲ್ಲ. ಆ ಕೈಯತ್ತ ಯಾರಾದರೂ ಕಣ್ಣು ಹಾಯಿಸಿದರೆ, ನಾನೇ ಆದರೂ, ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಆ ಬೆಳಗಿನ ನಂತರ ನಾನು ಅವಳನ್ನು ಕದ್ದು ನೋಡುವುದನ್ನು ಕಲಿತೆ.

ಕುರುಬರಹಳ್ಳಿಯ ಒಂದು ಮಹಡಿಯಲ್ಲಿ ವಯಸ್ಸಾದವರಿಗೆ ಮಧ್ಯಾಹ್ನ ಚಿತ್ರ ಬರೆಯಲು ಕಲಿಸುತ್ತಾರೆಂದು ಕೇಳಿ ಕರೆದುಕೊಂಡು ಹೋದೆ. ಬಸವೇಶ್ವರನಗರದ ನಮ್ಮ ಮನೆಯಿಂದ ನಡೆಯುವಷ್ಟೇ ದೂರ. ಕಲಿಸುವವಳು ಹುಬ್ಬಳ್ಳಿ ಕಡೆಯಿಂದ ಬಂದ ಹುಡುಗಿ. ಅಲ್ಲಿ ಕಿಟಕಿಯಾಚೆ ಹೊಂಗೆಮರವಿತ್ತು. ಎಲೆಗಳ ನೆರಳು ಗೋಡೆಯ ಮೇಲೆ, ಬಿಳಿ ಹಾಳೆಗಳ ಮೇಲೆ, ಮುದಿ ಮುಖಗಳ ಮೇಲೆ ನಿಧಾನವಾಗಿ ಅಲೆಯುತ್ತಿತ್ತು. ಕುಂಚ ಹಿಡಿದೇ ತೂಕಡಿಸುವವರಿದ್ದರು. ಗೋಡೆ ಬದಿಯ ಕುರ್ಚಿಯಲ್ಲಿ ಕೂತ ನನಗೆ ಆ ಕೋಣೆ ನೀರಿನ ಕೆಳಗೆ ಇದ್ದಂತೆ ಅನ್ನಿಸುತ್ತಿತ್ತು.

ಕೆಲವು ವಾರ ಅವಳು ಎಡಗೈಯಲ್ಲಿ ಒಂದೆರಡು ಸೊಟ್ಟ ಗೆರೆ ಎಳೆದು ಸುಮ್ಮನಾದಳು.

ಒಂದು ದಿನ ಹುಡುಗಿ, "ಇವತ್ತ ನಿಮ್ಮ ಮನಿ ಮುಂದಿನ ರಂಗೋಲಿ ಬರೀರಿ" ಎಂದಳು. ಹೆಂಡತಿ ಖಾಲಿ ಹಾಳೆಯನ್ನೇ ನೋಡುತ್ತಾ ಕೂತಳು. ಆಮೇಲೆ ಸೆರಗು ಸ್ವಲ್ಪ ಅಲುಗಿತು. ಬಲಗೈ ಹೊರಗೆ ಬಂತು. ಕುಂಚ ತೊಳೆಯಲು ಇಟ್ಟಿದ್ದ ಬಟ್ಟಲೊಳಗೆ ಇಳಿಯಿತು. ಅರ್ಧ ಮಡಚಿದ ಬೆರಳುಗಳಿಂದಲೇ ಹಾಳೆಯ ಮೇಲೆ ನೀರು ಚಿಮುಕಿಸಿತು.

"ಅಯ್ಯ, ಅಮ್ಮಾರ, ಏನ್ ಮಾಡಾಕತ್ತೀರಿ! ಹಾಳಿ ತೊಯ್ತಲ್ರೀ!"

ಪಕ್ಕದಲ್ಲಿದ್ದಾಕೆ ಕುರುಬರಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದ ಮುದುಕಿ. "ಸುಮ್ನಿರವ್ವ" ಎಂದಳು. "ಒಣನೆಲದ ಮೇಲೆ ಯಾರಾದ್ರೂ ರಂಗೋಲಿ ಬಿಡ್ತಾರಾ? ನಿಮ್ ಕಡೆ ಹೆಂಗೋ ಕಾಣೆ." ತಾನೂ ಕೈ ಅದ್ದಿ ತನ್ನ ಹಾಳೆಗೆ ಚಿಮುಕಿಸಿದಳು. ಆ ಸಾಲಿನ ಹೆಂಗಸರೆಲ್ಲ ಹಾಗೇ ಮಾಡಿದರು. ಎದುರಿದ್ದ ನಿವೃತ್ತ ಗುಮಾಸ್ತರು ತಮ್ಮ ಹಾಳೆಯನ್ನು ಎದೆಗವಚಿಕೊಂಡು, "ನಂದು ಬಿಟ್ಬಿಡಿ ತಾಯಿ, ನಾನು ಬರೀತಿರೋದು ಬಸ್ಸು" ಎಂದರು.

ನಗು ಎದ್ದಿತು. ಅಷ್ಟರಲ್ಲಿ ಹೆಂಡತಿ ಆ ಕೈಯಲ್ಲೇ ಕುಂಚ ಹಿಡಿದಿದ್ದಳು. ಅದು ಬಿತ್ತು. ಮತ್ತೆ ಹಿಡಿದಳು. ಒದ್ದೆ ಹಾಳೆಯ ಮೇಲೆ ನೀಲಿಯ ಒಂದು ಚುಕ್ಕಿ ಇಟ್ಟಳು, ಪಕ್ಕದಲ್ಲಿ ಇನ್ನೊಂದು. ಚುಕ್ಕಿ ನಿಲ್ಲಲಿಲ್ಲ, ಹಗುರವಾಗಿ ಅಗಲವಾಗುತ್ತಾ ಹೋಯಿತು, ಪಕ್ಕದ ಚುಕ್ಕಿಯನ್ನು ಹೋಗಿ ಸೇರಿತು. ಗೆರೆ ಎಳೆಯುವ ಕೆಲಸವೇ ಉಳಿಯಲಿಲ್ಲ. ಹುಡುಗಿಯೂ ಬಗ್ಗಿ ನೋಡುತ್ತಾ ನಿಂತಳು.

ಆಗ ಹೆಂಡತಿಗೆ ಎಚ್ಚರವಾಯಿತು. ಎಲ್ಲರೂ ನೋಡುತ್ತಿದ್ದಾರೆ, ಕೈ ಹೊರಗಿದೆ. ಸೆರಗಿನತ್ತ ಎಳೆದುಕೊಂಡಳು. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ.

"ಥೂ, ತಡಿಯಮ್ಮ!" ಮುದುಕಿ ಮಣಿಕಟ್ಟು ಹಿಡಿದಳು. "ಕೈಯೆಲ್ಲ ಬಣ್ಣ. ಒಳ್ಳೆ ಸೀರೆ ಹಾಳಾಯ್ತದೆ. ಒಣಗ್ಲಿ ಇರು."

ಹೆಂಡತಿ ಸೀರೆಯನ್ನು ನೋಡಿದಳು, ಕೈಯನ್ನು ನೋಡಿದಳು. ಕೈಯನ್ನು ಮೇಜಿನ ಮೇಲೆ ಇಟ್ಟಳು. ಅದು ಅಲ್ಲೇ, ಎಲ್ಲರ ಎದುರಿಗೆ, ಬೆರಳು ಸ್ವಲ್ಪ ಬಿಡಿಸಿಕೊಂಡು ಮಲಗಿತ್ತು.

ಮನೆಗೆ ಹೊರಟಾಗಲೂ ಬಣ್ಣ ಪೂರ್ತಿ ಒಣಗಿರಲಿಲ್ಲ. ಸೀರೆಗೆ ತಾಗದಂತೆ ಅವಳು ಕೈಯನ್ನು ಮೈಯಿಂದ ದೂರ ಹಿಡಿದು ನಡೆದಳು. ತಿರುವಿನಲ್ಲಿ ಹೂ ಮಾರುವಾಕೆ, "ಆಂಟಿ, ಕೈಗೇನಾಯ್ತು?" ಎಂದಳು. ನಾನು ಅವಳನ್ನು ಕದ್ದು ನೋಡಿದೆ.

"ಬಣ್ಣ ಕಣೇ" ಎಂದಳು ಹೆಂಡತಿ, ನಿಲ್ಲದೆ.

ಮನೆಯಲ್ಲಿ ನಾನು ಕೈ ತೊಳೆಯಲು ಬಿಸಿನೀರು ತಂದೆ. "ಇರ್ಲಿ ಬಿಡಿ, ಅವಸರ ಏನು" ಎಂದು ಜಗುಲಿಯಲ್ಲೇ ಕೂತಳು.