ಎಣ್ಣೆಗಾಯಿ ಬಡಿಸಿದ ಕೈ

ಮೊನ್ನೆ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಯಾರದೋ ಅಡುಗೆಮನೆಯ ಕಿಟಕಿಯಿಂದ ಹುಚ್ಚೆಳ್ಳು ಹುರಿಯುವ ವಾಸನೆ ಬಂತು. ಬಾಣಲೆಯಲ್ಲಿ ಕಾಳು ಚಟಪಟ ಸಿಡಿಯುವಾಗ ಬರುತ್ತದಲ್ಲ, ತುಸು ಕಹಿ, ತುಸು ಹೊಗೆ ಬೆರೆತ ಘಮ. ತರಕಾರಿ ಚೀಲ ಕೆಳಗಿಟ್ಟು ಅಲ್ಲೇ ನಿಂತುಬಿಟ್ಟೆ. ಭದ್ರಾವತಿಯ ಓನರಮ್ಮ ನೆನಪಾದರು...

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನಗೆ ಭದ್ರಾವತಿಯ ಹೈಸ್ಕೂಲೊಂದರಲ್ಲಿ ಕೆಲಸ, ನನ್ನವರಿಗೆ ಶಿವಮೊಗ್ಗದ ಬ್ಯಾಂಕಿನಲ್ಲಿ. ಮದುವೆಯಾದ ಹೊಸತು. ಓನರಮ್ಮನ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೆವು. ಮುಂಭಾಗದಲ್ಲಿ ಅವರು, ಮತ್ತು ಕಾರ್ಖಾನೆ ಕೆಲಸಕ್ಕೆ ಹೋಗುವ ಅವರ ಮಗ. ಯಜಮಾನರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಹಾರ್ಟ್ ಅಟ್ಯಾಕ್ ಎಂದಷ್ಟೇ ನಮಗೆ ಗೊತ್ತಿತ್ತು.

ಎಣ್ಣೆಗೆ ಅವರಷ್ಟು ಹೆದರುವವರನ್ನು ನಾನು ಕಂಡಿರಲಿಲ್ಲ. ಟಾನಿಕ್ ಬಾಟಲಿಯ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಚಮಚದಲ್ಲಿ ಅಳೆದು ಒಗ್ಗರಣೆಗೆ ಹಾಕುತ್ತಿದ್ದರು. ತುಪ್ಪ ಇಲ್ಲ, ತೆಂಗಿನಕಾಯಿ ಇಲ್ಲ, ಹಪ್ಪಳವನ್ನು ಸುಟ್ಟರೆ ಉಂಟು, ಕರಿಯುವ ಮಾತಿಲ್ಲ. ಪೇಪರಿನಲ್ಲಿ ಕೊಲೆಸ್ಟ್ರಾಲ್ ಬಗ್ಗೆ ಏನೇ ಬಂದರೂ ಕತ್ತರಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುತ್ತಿದ್ದರು. ಮಗ ಪಾಪ, ಕ್ಯಾಂಟೀನಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಬಂದು ಮನೆಯಲ್ಲಿ ಹಸಿವಿಲ್ಲ ಎನ್ನುತ್ತಿದ್ದ. ನನ್ನವರನ್ನೂ ಅವರು ಬಿಡುತ್ತಿರಲಿಲ್ಲ. ಗೇಟಿನ ಹತ್ತಿರ ನಿಲ್ಲಿಸಿಕೊಂಡು, "ಸಾರ್, ಬಸ್ ಸ್ಟ್ಯಾಂಡಲ್ಲಿ ಬೋಂಡ ಗೀಂಡ ತಿನ್ಬೇಡಿ. ಕರಿದ ಎಣ್ಣೇಲೇ ಮತ್ತೆ ಕರೀತಾರೆ" ಎನ್ನುತ್ತಿದ್ದರು. ನಾವು ಒಳಗೆ ಬಂದು ಬಾಗಿಲು ಹಾಕಿಕೊಂಡು ನಗುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುವರ್ಷ ನಾನು ಬಸುರಿಯಾದೆ. ನಾಲ್ಕನೇ ತಿಂಗಳು ಬಂದರೂ ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಎರಡು ಸಲ ಡ್ರಿಪ್ ಹಾಕಿಸಿಕೊಂಡು ಬಂದಿದ್ದೆ. ಬಯಕೆ ಹೇಳಿಕೊಳ್ಳೋಣವೆಂದರೆ ತವರಿನಲ್ಲಿ ಅಮ್ಮನೂ ಇರಲಿಲ್ಲ. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ, "ಎಣ್ಣೆಗಾಯಿ, ರೊಟ್ಟಿ ಸಿಕ್ಕಿದ್ರೆ ತಿಂತಿದ್ದೆ ಅನ್ಸುತ್ತೆ ಆಂಟಿ" ಎಂದುಬಿಟ್ಟೆ. ಓನರಮ್ಮನ ಮುಖ ಕಪ್ಪಿಟ್ಟಿತು. ಹಿಂಡುತ್ತಿದ್ದ ಸೀರೆಯನ್ನು ಬಕೆಟ್ಟಿಗೇ ಹಾಕಿ ಒಳಗೆ ಹೋದವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ತಾವಾಗಿಯೇ ಬಂದು ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕುಳಿತರು.

"ನಮ್ಮನೆಯವ್ರು ಹೋದ ದಿನ ಮಾಡಿದ್ದು ಎಣ್ಣೆಗಾಯೀನೇ, ಟೀಚರೇ" ಎಂದರು. "ಭಾನುವಾರ. ನಾಲ್ಕು ರೊಟ್ಟಿ ತಿಂದ್ರು. ಸಾಕು ಅಂದ್ರೂ ಕೇಳ್ದೆ ಮೇಲಿಂದ ಎಣ್ಣೆ ಸಮೇತ ಇನ್ನೊಂದು ಸೌಟು ಬಡಿಸ್ದೆ. ಮಧ್ಯಾಹ್ನ ಮಲಗಿದವ್ರು ಏಳಲೇ ಇಲ್ಲ."

ತಿಥಿಯ ದಿನ ಮೈದುನ ಎಲ್ಲರೆದುರು, ಆ ಪಾಟಿ ಎಣ್ಣೆ ತಿನ್ನಿಸಿದರೆ ಎದೆ ಉಳಿಯುತ್ತದೆಯೇ ಎಂದಿದ್ದನಂತೆ. ಅದನ್ನು ಹೇಳುವಾಗ ಓನರಮ್ಮ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು...

ಆ ವಾರ ಶಿವಮೊಗ್ಗದ ಲೇಡಿ ಡಾಕ್ಟರ ಹತ್ತಿರ ನಾನು ತೋರಿಸಿಕೊಳ್ಳಬೇಕಿತ್ತು. ನನ್ನವರಿಗೆ ರಜೆ ಸಿಗಲಿಲ್ಲವೆಂದು ಓನರಮ್ಮನೇ ಬಸ್ಸಿನಲ್ಲಿ ಜೊತೆಗೆ ಬಂದರು. ನನ್ನ ತೂಕ ನೋಡಿ ಡಾಕ್ಟರು ತಲೆ ಅಲ್ಲಾಡಿಸುತ್ತಿದ್ದಂತೆ ಇವರು ಕೇಳಿದರು, "ಬದನೆಕಾಯಿ ನಂಜು ಅಂತಾರೆ. ಬಸುರಿಗೆ ಎಣ್ಣೆಗಾಯಿ ಮಾಡಿಕೊಡಬಹುದಾ?"

"ಹೊಟ್ಟೇಲಿ ಉಳಿಯೋದಾದ್ರೆ ಏನು ಬೇಕಾದ್ರೂ ಕೊಡಿ."

ಅಷ್ಟಾದ ಮೇಲೆ ಓನರಮ್ಮ ಏಳಬೇಕಿತ್ತು, ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಒಂದೇ ಒಂದು ಊಟಕ್ಕೆ ಮನುಷ್ಯ ಹೋಗಿಬಿಡ್ತಾನಾ ಡಾಕ್ಟ್ರೇ?" ಎಂದರು.

ಡಾಕ್ಟರು ನನ್ನ ಫೈಲು ಮುಚ್ಚಿದರು. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರೂ ನಿಧಾನವಾಗಿ ಎಲ್ಲ ವಿಚಾರಿಸಿದರು. ಯಜಮಾನರು ಬೀಡಿ ಸೇದುತ್ತಿದ್ದರಾ, ಶುಗರ್ ಇತ್ತಾ, ಯಾವತ್ತಾದರೂ ಎದೆನೋವು ಅಂದಿದ್ದರಾ. ಬೀಡಿ ಮೂವತ್ತು ವರ್ಷದ್ದು. ಶುಗರ್ ನೋಡಿಸಿಯೇ ಇರಲಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದರಂತೆ, ಗ್ಯಾಸ್ ಎನ್ನುತ್ತಿದ್ದರಂತೆ.

"ಇದು ಒಂದು ಊಟದಿಂದ ಬಂದಿದ್ದಲ್ಲಮ್ಮ" ಎಂದರು ಡಾಕ್ಟರು. "ಎಷ್ಟೋ ವರ್ಷದಿಂದ ಒಳಗೇ ಇತ್ತು. ಎಣ್ಣೆ ಕಮ್ಮಿ ಮಾಡಿದ್ದು ಒಳ್ಳೇದೇ. ಆದ್ರೆ ನೀವು ಬಡಿಸಿದ್ದಕ್ಕೆ ಅವರು ಹೋಗಲಿಲ್ಲ. ಅವತ್ತು ಊಟ ಇಷ್ಟಪಟ್ಟು ಮಾಡಿದ್ರಾ?"

"ಬೆರಳು ನೆಕ್ಕಿದ್ರು" ಎಂದರು ಓನರಮ್ಮ. ಆಮೇಲೆ ಅತ್ತರು. ಸದ್ದು ಮಾಡದೆ, ಬಹಳ ಹೊತ್ತು...

ವಾಪಸ್ ಬರುವಾಗ ಗಾಂಧಿ ಬಜಾರಿನಲ್ಲಿ ಒಂದೊಂದೇ ಬದನೆಕಾಯಿಯ ತೊಟ್ಟು ಹಿಡಿದು, ತಿರುಗಿಸಿ ನೋಡಿ ಆರಿಸಿದರು. ಮಾರುವವನಿಗೆ ಬೇಸರ ಬಂದು ಗೊಣಗಿದ. ಇವರಿಗೆ ಕೇಳಿಸಲೇ ಇಲ್ಲ.

ಮಾರನೆಯ ದಿನ ರಜೆ. ಬೆಳಿಗ್ಗೆಯಿಂದಲೇ ಹುಚ್ಚೆಳ್ಳು, ಕಡಲೆಬೀಜ ಹುರಿಯುವ ಸದ್ದು. ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಟಾನಿಕ್ ಚಮಚ ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟದೆ ಎಣ್ಣೆಯ ಡಬ್ಬಿಯನ್ನೇ ಎತ್ತಿದರು. ಒಮ್ಮೆ ಕೆಳಗಿಟ್ಟರು. ಮತ್ತೆ ಎತ್ತಿ ಸುರಿದರು. ಅಕ್ಕಿರೊಟ್ಟಿಯ ಜೊತೆ ಎರಡು ಇಡೀ ಕಾಯಿ ತಿಂದೆ. ಎಷ್ಟೋ ವಾರಗಳ ನಂತರ ಊಟ ಊಟದ ಹಾಗೆ ರುಚಿಸಿತು. ಕಣ್ಣು ಎಳೆಯುತ್ತಿತ್ತು, ಅವರ ಹಜಾರದ ಚಾಪೆಯ ಮೇಲೇ ಮಲಗಿಬಿಟ್ಟೆ.

ಎಚ್ಚರವಾದಾಗ ಗೋಡೆಯ ಮೇಲೆ ಸಂಜೆಯ ಬಿಸಿಲು. ಓನರಮ್ಮ ನನ್ನ ತಲೆಯ ಹತ್ತಿರ ಕುಳಿತಿದ್ದರು. ನನ್ನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ಪಾತ್ರೆ ತೊಳೆದಿರಲಿಲ್ಲ. ತಾವು ಉಂಡಿರಲಿಲ್ಲ.

"ಎದ್ಯಾ ಮಾರಾಯ್ತಿ..." ಎಂದರು. ಅದುವರೆಗೂ ಟೀಚರೇ, ನೀವು ಎನ್ನುತ್ತಿದ್ದವರು.

ವಾಂತಿ ಬರುತ್ತಿದೆಯಾ ಎಂದು ಕೇಳಿದರು. ಇಲ್ಲವೆಂದೆ. ಎದ್ದು ಹೋಗಿ ತಟ್ಟೆಗೆ ಬಡಿಸಿಕೊಂಡು ಬಂದು ನನ್ನೆದುರೇ ಕುಳಿತು, ತಣ್ಣಗಾದ ರೊಟ್ಟಿಯನ್ನು ಮುರಿದು ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟರು. ಸ್ವಲ್ಪ ಹೊತ್ತು ಅಗಿದು, "ಉಪ್ಪು ಕಮ್ಮಿಯಾಗಿದೆ" ಎಂದರು.

ಅವರ ಭಯ ಅಷ್ಟಕ್ಕೇ ಹೋಯಿತೆಂದಲ್ಲ. ಮಗನನ್ನು ಬಿಡದೆ ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು, ಬೀಡಿ ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿದರು. ವಾರದ ಆರು ದಿನ ಅದೇ ಸಪ್ಪೆ ಸಾರು. ಭಾನುವಾರ ಮಾತ್ರ ಎಣ್ಣೆಗಾಯಿ, ನಮಗೂ ಒಂದು ಬಟ್ಟಲು. ಮಗ ಅವತ್ತು ಕ್ಯಾಂಟೀನಿನ ಕಡೆ ಹೋಗುತ್ತಿರಲಿಲ್ಲ.

ಮಗಳಿಗೆ ಎರಡು ತುಂಬುವ ಹೊತ್ತಿಗೆ ನಾವು ಶಿವಮೊಗ್ಗಕ್ಕೆ ಮನೆ ಬದಲಿಸಿದೆವು. ಅರ್ಧ ಗಂಟೆಯ ದಾರಿ, ಆದರೂ ಹೋಗುವುದು ಕಡಿಮೆಯಾಯಿತು. ಓನರಮ್ಮ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದು ತಿಂಗಳಾದ ಮೇಲೆ. ಅವರ ಮುಖವನ್ನೂ ನೋಡಲಾಗಲಿಲ್ಲ.

ಈಗ ನನ್ನವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಊಟದ ನಡುವೆ ಅವರು ತಟ್ಟೆ ಮುಂದೆ ತಳ್ಳಿ "ಇನ್ನೊಂದು ಸ್ವಲ್ಪ" ಎಂದಾಗ ನನ್ನ ಸೌಟು ಗಾಳಿಯಲ್ಲೇ ನಿಲ್ಲುತ್ತದೆ. ಕೆಲವೊಮ್ಮೆ ಬಡಿಸುತ್ತೇನೆ, ಕೆಲವೊಮ್ಮೆ ಇಲ್ಲ. ಬಡಿಸಿದ ದಿನ ಅವರು ಮಧ್ಯಾಹ್ನ ಮಲಗಿದರೆ ನಾನು ಮಲಗುವುದಿಲ್ಲ, ಪುಸ್ತಕ ಹಿಡಿದು ಪಕ್ಕದಲ್ಲೇ ಕೂರುತ್ತೇನೆ. ನಾನು ನಿದ್ದೆಹೋಗಿದ್ದ ಆ ಮೂರು ಗಂಟೆ ನಿಮಗೆ ಹೇಗೆ ಕಳೆಯಿತು ಆಂಟಿ ಎಂದು ಓನರಮ್ಮನನ್ನು ಒಮ್ಮೆಯೂ ಕೇಳಲಿಲ್ಲ. ಆಗ ಕೇಳಬೇಕೆಂದೂ ತೋಚಿರಲಿಲ್ಲ...